ಶುಂಠಿಯ ಎಡಗಾಲು

ಕತ್ತಿಯ ತುದಿ ಒಳಗಿಳಿಯಿತು. ಕಾಲು ಅಲುಗಲಿಲ್ಲ.

ಶೌಗೆನ್ ಕೈ ತಡೆದ. ಅಷ್ಟು ಆಳಕ್ಕೆ ಹೋದರೆ ಯಾವ ಕಾಲಾದರೂ ಬೆಚ್ಚುತ್ತದೆ. ಬೆರಳು ಮುದುಡುತ್ತವೆ, ಹಿಮ್ಮಡಿ ತೊಡೆಗೆ ಒತ್ತುತ್ತದೆ, ಮೇಲಿನಿಂದ ಒಂದು ಬೈಗುಳವಾದರೂ ಬೀಳುತ್ತದೆ. ಈ ಕಾಲು ಅವನ ಮಡಿಲಲ್ಲಿ ಯಾರೋ ಮರೆತು ಹೋದ ಸಾಮಾನಿನ ಹಾಗೆ ಬಿದ್ದಿತ್ತು. ಅವನು ದೀಪವನ್ನು ಹತ್ತಿರ ಎಳೆದುಕೊಂಡ. ಎಡಗಾಲಿನ ನಾಲ್ಕನೆಯ ಬೆರಳ ಬದಿಯಲ್ಲಿ ಹಳೆಯ ಆಣಿ. ಅದರ ಸುತ್ತ ಚರ್ಮ ನೀರಲ್ಲಿ ನೆಂದ ಕಾಗದದಂತೆ ಬಿಳಿಚಿತ್ತು, ನಡುವೆ ಒಂದು ಕೆಂಪು ಚುಕ್ಕೆ. ಕತ್ತಿಯನ್ನು ತಿರುಗಿಸಿ ಹಿಡಿಯ ತುದಿಯಿಂದ ಅಂಗಾಲಿನ ನಡುವೆ ಒತ್ತಿದ. ಗೀರಿದ. ಏನೂ ಇಲ್ಲ.

“ನೋವಾಯ್ತಾ ಸಾರ್?”

ಒರಗುಮಂಚದ ಆ ತುದಿಯಲ್ಲಿ, ಬಿಸಿ ಟವೆಲ್ಲಿನ ಕೆಳಗಿದ್ದ ಮುಖ ಮಾತಾಡಿತು. “ನಿನ್ನ ಕೈ ಚೆನ್ನಾಗಿದೆ ಕಣಯ್ಯ. ಗೊತ್ತೇ ಆಗಲ್ಲ.”

ಇದು ಕೈಯ ಗುಣ ಅಲ್ಲ, ಕಾಲಿಗೇ ಸ್ಪರ್ಶ ತಿಳಿಯುತ್ತಿಲ್ಲ ಎಂದು ಶೌಗೆನ್ ಹೇಳಿದ. ಸಕ್ಕರೆ ಕಾಯಿಲೆಯ ಕಾಲು ಹೀಗಾಗುತ್ತದೆ, ಆಸ್ಪತ್ರೆಗೆ ಹೋಗಿ ರಕ್ತ ತೋರಿಸಿ, ಈ ಆಣಿಯನ್ನು ನಾನು ಇನ್ನು ಕೆತ್ತುವುದಿಲ್ಲ, ನೀವೂ ಇದಕ್ಕೆ ಅಂಗಡಿಯ ಪಟ್ಟಿ ಗಿಟ್ಟಿ ಅಂಟಿಸಬೇಡಿ ಎಂದ. ತಲೆ ಎತ್ತದೆ ಹೇಳಿದ. ಕಾಲಿಗೇ ಹೇಳಿದ ಹಾಗಿತ್ತು.

“ಕಾಲಿನವನು ಕಾಲು ನೋಡ್ಕೋ,” ಎಂದಿತು ಟವೆಲ್ಲು. ಆಮೇಲೆ ಗೊರಕೆ.

ಶೌಗೆನ್ ಮೊಣಕಾಲ ಮೇಲೆ ಹಾಸಿದ್ದ ಬಟ್ಟೆಯನ್ನು ಮಡಚಿದ. ಅದರೊಳಗೆ ಬಿದ್ದಿದ್ದ ಉಗುರು, ಚರ್ಮದ ಸಿಪ್ಪೆ, ಬಿಳಿ ಹಿಟ್ಟನ್ನು ಡಬ್ಬಿಗೆ ಕೊಡವಿದ. ಐದು ಕತ್ತಿಗಳನ್ನು ಒರೆಸಿ ಚರ್ಮದ ಸುರುಳಿಯಲ್ಲಿ ಸುತ್ತಿದ. ಗಿಡ್ಡ ಸ್ಟೂಲನ್ನು ಕಂಕುಳಲ್ಲಿ ಇರುಕಿಕೊಂಡು ಮುಂದಿನ ಮಂಚಕ್ಕೆ ಹೋದ.

ಯಾಂಗ್‌ಝೌನ ಈ ಸ್ನಾನದ ಮನೆಯಲ್ಲಿ ಅವನು ಇಪ್ಪತ್ತಾರು ವರ್ಷದಿಂದ ಕಾಲು ಕೆತ್ತುತ್ತಿದ್ದ. ಬಿಸಿನೀರಿನ ಕೊಳದಲ್ಲಿ ಕೆಂಪಗೆ ಬೆಂದ ಗಂಡಸರು ಬಂದು ಮಂಚಗಳ ಮೇಲೆ ಒರಗುತ್ತಾರೆ. ಚಹಾ ಬರುತ್ತದೆ, ಬೆನ್ನುಜ್ಜುವವನು ಬರುತ್ತಾನೆ, ಕೊನೆಗೆ ಕಾಲಿನವನು. ಅವನನ್ನು ಕರೆಯಬೇಕಾದರೆ ಮಂಚದ ಕೈಗೆ ಎರಡು ಸಲ ಬಡಿದರೆ ಸಾಕು. ಹೆಸರು ಬೇಕಿಲ್ಲ. ಕೂತಾಗ ಅವನ ತಲೆ ಗಿರಾಕಿಯ ಮೊಣಕಾಲಿನ ಮಟ್ಟಕ್ಕೂ ಬರುವುದಿಲ್ಲ. ಅವನ ಚಹಾದ ಲೋಟ ಬೇರೆ. ಮೈಯ ಕೊಳೆ ಉಜ್ಜಿ ಬದುಕುವ ಬೆನ್ನುಜ್ಜುವವರು ಕೂಡ ಅವನ ಸೋಪನ್ನು ಮುಟ್ಟುವುದಿಲ್ಲ.

ಗಿರಾಕಿಗಳು ಕಾಲು ಕೆತ್ತುವವರ ಹೆಸರು ಕೇಳುತ್ತಿರಲಿಲ್ಲ, ಇವರೂ ಗಿರಾಕಿಗಳ ಹೆಸರು ಕೇಳುತ್ತಿರಲಿಲ್ಲ. ಕಾಲು ನೋಡಿ ತಾವೇ ಹೆಸರಿಡುತ್ತಿದ್ದರು. ಒಬ್ಬ ಬಾತುಕೋಳಿ. ಒಬ್ಬ ಹಂಚು. ಈ ಎಡಗಾಲಿನವನು ಶುಂಠಿ, ಯಾಕೆಂದರೆ ಅವನ ಬೆರಳುಗಳು ಒಂದರ ಮೇಲೊಂದು ಹತ್ತಿಕೊಂಡು ಹಸಿ ಶುಂಠಿಯ ಗೆಡ್ಡೆಯ ಹಾಗಿದ್ದವು. ಒಂಬತ್ತು ವರ್ಷದಿಂದ ತಿಂಗಳಿಗೆರಡು ಸಲ ಬರುತ್ತಿದ್ದ. ಯಾವುದೋ ಇಲಾಖೆಯ ಆಫೀಸರಂತೆ. ಅರ್ಜಿ ಹಿಡಿದವರು ಕೊಳದವರೆಗೂ ಬೆನ್ನು ಹತ್ತುತ್ತಾರೆಂದು ಮಂಚಕ್ಕೆ ಬಂದವನೇ ಮುಖದ ಮೇಲೆ ಟವೆಲ್ ಎಳೆದುಕೊಳ್ಳುತ್ತಿದ್ದ. ಆ ಕಾಲಿನ ಪ್ರತಿ ಗೆರೆ ಶೌಗೆನ್‌ಗೆ ಗೊತ್ತಿತ್ತು. ಮುಖ ಗೊತ್ತಿರಲಿಲ್ಲ. ಶೌಗೆನ್‌ನ ಮುಖವಂತೂ ಶುಂಠಿಗೆ ಬೇಕೇ ಇರಲಿಲ್ಲ.

ಮನೆಯಲ್ಲಿ ಆ ವಾರ ಬೇರೆಯದೇ ಗಡಿಬಿಡಿ. ಮಗಳು ಸುಯುನ್ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಶಾಲೆಯ ಮೇಷ್ಟರಾಗಿದ್ದ ಯಿಮಿನ್ ಎಂಬ ಹುಡುಗ ಅವಳನ್ನು ಮೆಚ್ಚಿದ್ದ. ಹುಡುಗನ ಅಪ್ಪ ವಸತಿ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿರುವ ದುವಾನ್ ಸಾಹೇಬರು. ಹುಣ್ಣಿಮೆ ಹಬ್ಬಕ್ಕೆ ಮೊದಲು ಹುಡುಗಿಯ ಮನೆಯವರು ಒಂದು ಹೊತ್ತು ಊಟಕ್ಕೆ ಬರಲಿ, ಕೂತು ಮಾತು ಮುಗಿಸೋಣ ಎಂದು ಅವರು ಹೇಳಿ ಕಳಿಸಿದ್ದರು.

ಸುಯುನ್ ಗೋಡೆಗೆ ಒರಗಿ ನಿಂತು ವಿಷಯ ತಿಳಿಸಿದಳು. ಅಪ್ಪ ಆರೋಗ್ಯ ಇಲಾಖೆಯಲ್ಲಿದ್ದಾರೆ ಅಂತ ಮೊದಲೇ ಹೇಳಿಬಿಟ್ಟಿದ್ದೇನೆ ಎಂದಳು. ಹಾಗೆ ಹೇಳುವಾಗ ಕಿಟಕಿ ನೋಡುತ್ತಿದ್ದಳು.

ಹೆಂಡತಿ ಗುಯ್‌ಝೆನ್ ಕಾರ್ಖಾನೆಯಿಂದ ತಂದ ಟೂತ್‌ಬ್ರಷ್‌ಗಳನ್ನು ನೆಲದ ಮೇಲೆ ರಾಶಿ ಹಾಕಿಕೊಂಡು ಡಬ್ಬಿಗೆ ತುಂಬುತ್ತಿದ್ದಳು. “ಸುಳ್ಳೇನಲ್ಲ ಬಿಡು,” ಎಂದಳು. “ಊರಿನ ಕೊಳೆಯೆಲ್ಲಾ ನಿಮ್ಮಪ್ಪಂದೇ ಇಲಾಖೆ.”

ಶೌಗೆನ್ ನಕ್ಕ. ಮಗಳು ನಗಲಿಲ್ಲ. ಅವಳಿಗೆ ಎಂಟು ವರ್ಷವಾಗುವವರೆಗೆ ದಿನಾ ಬೆಳಿಗ್ಗೆ ಅವಳ ತಲೆ ಬಾಚಿ ಜಡೆ ಹಾಕುತ್ತಿದ್ದವನು ಅವನೇ. ಕೆಲಸದಿಂದ ಬಂದವನೇ ವಿನೆಗರ್ ಸುರಿದು ಮೊಣಕೈವರೆಗೆ ಕೈ ತಿಕ್ಕುತ್ತಿದ್ದ. ಒಂದು ದಿನ ಶಾಲೆಯಿಂದ ಬಂದವಳು, ಇನ್ಮೇಲೆ ಅಮ್ಮನೇ ಬಾಚಲಿ ಎಂದಳು. ಯಾಕೆ ಎಂದು ಅವನು ಕೇಳಲಿಲ್ಲ. ಕೇಳಿದರೆ ಅವಳು ಹೇಳಿಬಿಡುತ್ತಾಳೆ ಎಂಬ ಹೆದರಿಕೆ. ಹದಿನೈದು ವರ್ಷವಾಯಿತು. ಬಾಚಣಿಗೆ ಕಂಡರೆ ಈಗಲೂ ಅವನ ಕಿವಿ ಬಿಸಿಯಾಗುತ್ತದೆ.

“ಒಂದೇ ಒಂದು ಕೇಳ್ತೀನಿ ಅಪ್ಪ,” ಎಂದಳು ಸುಯುನ್. “ಕೆಳಗೆ ನೋಡ್ಬೇಡ. ನೀನು ಯಾರ ಮನೆಗೆ ಹೋದ್ರೂ ಮೊದ್ಲು ಕಾಲು ನೋಡ್ತೀಯ. ಮುಖ ನೋಡಿ ಮಾತಾಡು.”

ಆ ಸಂಜೆ ಅವಳೇ ಎದುರು ನಿಂತು ಅಭ್ಯಾಸ ಮಾಡಿಸಿದಳು. ಅವನು ಮಗಳ ಮುಖ ನೋಡಿದ. ಅವಳ ಹುಬ್ಬಿನಲ್ಲಿ ಒಂದು ಸಣ್ಣ ಮಚ್ಚೆ ಇದೆ ಎಂಬುದು ಅವತ್ತು ಗೊತ್ತಾಯಿತು. ನಾಲ್ಕು ಮಾತು ಆಡುವಷ್ಟರಲ್ಲಿ ಕಣ್ಣು ಜಾರಿ ಕೆಳಗೆ ಹೋಯಿತು. ಮತ್ತೆ ಎತ್ತಿದ. ಮತ್ತೆ ಜಾರಿತು.

“ಎತ್ತಿನ ಕೊರಳಿಗೆ ಕೋಲು ಕಟ್ಟಿದ ಹಾಗೆ ಏನಾದ್ರೂ ಕಟ್ಟು,” ಎಂದಳು ಗುಯ್‌ಝೆನ್.

ಗುಯ್‌ಝೆನ್‌ಗೆ ಕಾರ್ಖಾನೆಯಲ್ಲಿ ಪಾಳಿ ಇತ್ತು, ಅಪ್ಪ ಮಗಳು ಇಬ್ಬರೇ ಹೋದರು. ದುವಾನ್ ಸಾಹೇಬರ ಮನೆ ಇಲಾಖೆಯ ಹೊಸ ಕಟ್ಟಡದ ಮೂರನೆಯ ಮಹಡಿಯಲ್ಲಿತ್ತು. ಬಾಗಿಲಲ್ಲಿ ಬೂಟು ಕಳಚಿ ಮನೆಯೊಳಗಿನ ಚಪ್ಪಲಿ ಹಾಕಿಕೊಳ್ಳಬೇಕು. ಶೌಗೆನ್ ಲೇಸು ಬಿಚ್ಚಲು ಬಗ್ಗಿದ. ಸ್ವಾಗತಿಸಲು ಬಂದ ಎರಡು ಕಾಲು ಅವನ ಕಣ್ಣೆದುರಿಗೇ ಬಂದು ನಿಂತವು. ಇನ್ನೂ ಸೆಕೆ ಇಳಿದಿರಲಿಲ್ಲ. ಬರಿಗಾಲು. ಎಡಗಾಲಿನ ಬೆರಳುಗಳು ಒಂದರ ಮೇಲೊಂದು.

ಬಗ್ಗಿದ ಬೆನ್ನು ಅಲ್ಲೇ ಸೆಟೆಯಿತು. ಆ ಹೆಬ್ಬೆರಳಿನ ಉಗುರನ್ನು ಹನ್ನೆರಡು ದಿನದ ಹಿಂದೆ ಅವನೇ ತೀಡಿದ್ದ. ಅಂಚಿನಲ್ಲಿ ಅವನ ಕತ್ತಿಯ ಓರೆ ಇನ್ನೂ ಕಾಣುತ್ತಿತ್ತು.

“ಬನ್ನಿ ಬನ್ನಿ ಬೀಗ್ರೇ,” ಎಂದಿತು ಟವೆಲ್ಲಿನ ಧ್ವನಿ.

ತಲೆ ಎತ್ತಿದ. ಶುಂಠಿಗೆ ಒಂದು ಮುಖ ಇತ್ತು. ದುಂಡಗೆ, ನಗುನಗುತ್ತಾ, ಎಡಗೆನ್ನೆಯಲ್ಲಿ ಗುಳಿ. ಆ ಕಣ್ಣುಗಳು ಶೌಗೆನ್‌ನ ಮೇಲೆ ಹಾದು ಹೋದವು. ಎಲ್ಲೂ ತಡೆಯಲಿಲ್ಲ. ಗುರುತು ಸಿಗಲಿಲ್ಲ ಎಂದು ಶೌಗೆನ್‌ಗೆ ಮೊದಲು ಆದದ್ದು ನೆಮ್ಮದಿ. ಇನ್ನೊಂದು ಬೂಟು ಕಳಚುವ ಹೊತ್ತಿಗೆ ಆ ನೆಮ್ಮದಿ ಚುಚ್ಚತೊಡಗಿತ್ತು. ಒಂಬತ್ತು ವರ್ಷ ಈ ಮನುಷ್ಯನ ಕಾಲು ನನ್ನ ತೊಡೆಯ ಮೇಲಿತ್ತು.

ಊಟ ದೊಡ್ಡದಾಗಿತ್ತು. ತೋಫುವಿನ ಎಳೆಗಳ ಸಾರು, ಹಂದಿಮಾಂಸದ ಉಂಡೆ, ಕೆರೆ ಮೀನು. ದುವಾನ್ ಸಾಹೇಬರು ತಮ್ಮ ಕೈಯಾರೆ ಶೌಗೆನ್‌ನ ಬಟ್ಟಲಿಗೆ ದೊಡ್ಡ ಅತಿಥಿಗೆ ಮೀಸಲಾದ ಮೀನಿನ ಕೆನ್ನೆ ಎತ್ತಿ ಹಾಕಿದರು. ಬೀಗ್ರೇ ಉಣ್ಣಿ, ಬೀಗ್ರೇ ತಗೊಳ್ಳಿ ಎಂದರು. ಅವನಿಗೆ ಯಾರೂ ಹಾಗೆ ಎತ್ತಿ ಹಾಕಿರಲಿಲ್ಲ. ಅವನು ಮುಖ ನೋಡಿ ಮಾತಾಡಿದ. ಕೇಳಿದ್ದಕ್ಕೆಲ್ಲಾ ಒಂದೊಂದು ಮಾತಲ್ಲಿ ಉತ್ತರ ಕೊಟ್ಟ. ಸುಯುನ್ ಪಕ್ಕದಲ್ಲಿ ಉಸಿರು ಬಿಗಿ ಹಿಡಿದು ಕೂತಿದ್ದಳು.

ಊಟವಾಗಿ ಚಹಾ ಬಂದ ಮೇಲೆ ಸಾಹೇಬರು ಸೋಫಾದಲ್ಲಿ ಒರಗಿ ಎಡಗಾಲನ್ನು ಬಲ ಮಂಡಿಯ ಮೇಲೇರಿಸಿದರು. ನಾಲ್ಕನೆಯ ಬೆರಳ ಬದಿಯಲ್ಲಿ, ನಿಂತಾಗ ಕಿರುಬೆರಳ ಮರೆಯಲ್ಲಿದ್ದ ಜಾಗದಲ್ಲಿ, ಗುಲಾಬಿ ಬಣ್ಣದ ದುಂಡು ಪಟ್ಟಿ ಅಂಟಿಸಿತ್ತು.

ಆ ಪಟ್ಟಿ ಶೌಗೆನ್‌ಗೆ ಗೊತ್ತು. ಅದರ ನಡುವಿನ ಮದ್ದು ಸತ್ತ ಚರ್ಮವನ್ನು ತಿನ್ನುತ್ತದೆ. ಸತ್ತದ್ದು ಮುಗಿದರೆ ಬದುಕಿದ್ದನ್ನೂ ತಿನ್ನುತ್ತದೆ. ಸ್ಪರ್ಶವಿದ್ದವನು ಉರಿ ಹತ್ತಿದ ಕೂಡಲೇ ಕಿತ್ತೆಸೆಯುತ್ತಾನೆ. ಸ್ಪರ್ಶವಿಲ್ಲದವನು ಅದನ್ನು ಹಾಕಿಕೊಂಡೇ ಆಫೀಸಿಗೆ ಹೋಗುತ್ತಾನೆ. ಪಟ್ಟಿಯ ಅಂಚಿನಲ್ಲಿ ಚರ್ಮ ಬೂದಿ ಬಣ್ಣಕ್ಕೆ ತಿರುಗಿತ್ತು.

ಅವನ ಕಣ್ಣು ಅಲ್ಲಿರುವುದನ್ನು ಸಾಹೇಬರ ಹೆಂಡತಿ ನೋಡಿದರು. ಆಣಿಗೆ ತಾನೇ ತಂದು ಹಾಕಿದ್ದು, ಹೊಸ ಬಗೆಯ ಪಟ್ಟಿ, ಒಂದು ವಾರಕ್ಕೆ ಬುಡಸಹಿತ ಕರಗಿಸುತ್ತದಂತೆ, ಇವತ್ತಿಗೆ ನಾಲ್ಕು ದಿನ ಎಂದರು. ಸಾಹೇಬರಿಗೆ ಅದರಿಂದ ಒಂದು ತಮಾಷೆ ನೆನಪಾಯಿತು. ಸ್ನಾನದ ಮನೆಯಲ್ಲಿ ಕಾಲು ಕೆತ್ತುವವನೊಬ್ಬ ತಮಗೇ ವೈದ್ಯನಂತೆ ಬುದ್ಧಿ ಹೇಳಿದ್ದನ್ನು, ಸಕ್ಕರೆ ಕಾಯಿಲೆ ಕಂಡುಹಿಡಿದದ್ದನ್ನು ನಟಿಸಿ ತೋರಿಸಿದರು. ತಲೆ ಬಗ್ಗಿಸಿಕೊಂಡು, ಮೂಗಿನಲ್ಲಿ.

“ಕಾಲು ತುದೀಲಿ ಕೂರೋ ಜಾತಿ. ಒಂದು ಸಲ ‘ನಿನ್ನ ಕೈ ಚೆನ್ನಾಗಿದೆ’ ಅಂದ್ರೆ ಸಾಕು, ತಲೆ ಮೇಲೆ ಹತ್ತಿ ಕೂರ್ತಾರೆ.”

ಎಲ್ಲರೂ ನಕ್ಕರು. ಶೌಗೆನ್ ನಕ್ಕ. ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ, ಎಲ್ಲರಿಗಿಂತ ಜೋರಾಗಿ.

“ನೀವು ಆರೋಗ್ಯ ಇಲಾಖೆಯೋರು,” ಎಂದು ಸಾಹೇಬರು ಅವನತ್ತ ತಿರುಗಿದರು. “ನೀವೇ ಹೇಳಿ ಬೀಗ್ರೇ. ಈ ಪಟ್ಟಿ ಹೇಗೆ?”

ಹನ್ನೆರಡು ದಿನದ ಹಿಂದೆ ಅವನ ಮಾತಿಗೆ ಗೊರಕೆಯಷ್ಟೂ ಬೆಲೆ ಇರಲಿಲ್ಲ. ಈಗ ಅದೇ ಬಾಯಿಯ ಮುಂದೆ ಎಲ್ಲರೂ ಕಾದು ಕೂತಿದ್ದರು. ಕಿತ್ತು ಹಾಕಿ ಎಂದರೆ ಸಾಕಿತ್ತು. ಒಂದೇ ಮಾತು. ಆದರೆ ಆ ಮಾತಿನ ಹಿಂದೆ ಇನ್ನೊಂದು ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ಕಾಲಿನ ವಿಷಯ ಶುರುವಾದರೆ ಅವನ ನಾಲಿಗೆ ನಿಲ್ಲುವುದಿಲ್ಲ. ಕೈ ತಾನಾಗಿ ಮುಂದೆ ಹೋಗಿ ಹಿಮ್ಮಡಿ ಹಿಡಿಯುತ್ತದೆ. ಇಲಾಖೆಯವರು ಬೀಗರ ಹಿಮ್ಮಡಿ ಹಿಡಿಯುವುದಿಲ್ಲ. ಮಗಳನ್ನು ನೋಡಿದ. ಅವಳ ತುಟಿ ಬಿಳುಪೇರಿತ್ತು.

ಅವನು ದುವಾನ್ ಸಾಹೇಬರ ಮುಖ ನೋಡಿದ.

“ಒಳ್ಳೇದೇ ಇರ್ಬೇಕು,” ಎಂದ.

ಬಸ್ಸಿನಲ್ಲಿ ವಾಪಸಾಗುವಾಗ ಸುಯುನ್ ಅವನ ತೋಳಿಗೆ ತೋಳು ಸೇರಿಸಿ ಕೂತಳು. ಚೆನ್ನಾಗಿ ಮಾತಾಡಿದೆ ಅಪ್ಪ ಎಂದಳು. ಎಷ್ಟೋ ವರ್ಷದ ಮೇಲೆ ಅವಳು ಅವನನ್ನು ಮುಟ್ಟಿದ್ದು. ಅವನು ತೋಳನ್ನು ಅಲುಗಿಸದೆ ಕೂತ. ಇಳಿಯುವ ಜಾಗ ಬರುವವರೆಗೆ ಗುಲಾಬಿ ಬಣ್ಣ ಕಣ್ಣ ಮುಂದಿತ್ತು.

ಮರುದಿನ ಪೆಯ್ ಮೇಸ್ತ್ರಿಗೆ ಮಾತ್ರ ಹೇಳಿದ. ಶೌಗೆನ್‌ಗೆ ಕತ್ತಿ ಹಿಡಿಯಲು ಕಲಿಸಿದವರು ಅವರು. ಅರವತ್ತೆಂಟು ವರ್ಷ, ಕೈ ಸ್ವಲ್ಪ ನಡುಗುತ್ತಿತ್ತು, ಆದರೆ ಕತ್ತಿ ಚರ್ಮಕ್ಕೆ ತಾಗಿದ ಕೂಡಲೇ ನಡುಕ ನಿಲ್ಲುತ್ತಿತ್ತು. ಶುಂಠಿಯೇ ಹುಡುಗನ ಅಪ್ಪ ಎಂದಾಗ ಮೇಸ್ತ್ರಿ ಕೆಮ್ಮುವವರೆಗೆ ನಕ್ಕರು. ಪಟ್ಟಿಯ ವಿಷಯ ಕೇಳಿದ ಮೇಲೆ ನಗು ನಿಂತಿತು.

“ಇವತ್ತೇ ಹೋಗು,” ಎಂದರು. “ಏನಾದ್ರೂ ನೆವ ಹೇಳು. ಪುಸ್ತಕದಲ್ಲಿ ಓದ್ದೆ ಅನ್ನು.”

ಅವನು ಹೋಗಲಿಲ್ಲ. ಶುಂಠಿ ಹೇಗೂ ಸ್ನಾನಕ್ಕೆ ಬರುತ್ತಾನೆ, ಟವೆಲ್ ಹೊದ್ದುಕೊಳ್ಳುತ್ತಾನೆ, ಆಗ ಕೆಳಗಿನಿಂದ ಹೇಳಿದರಾಯಿತು ಎಂದುಕೊಂಡ. ಕೆಳಗಿನಿಂದ ಹೇಳುವುದು ಸುಲಭ. ಒಂದು ವಾರ ಕಾದ. ಶುಂಠಿ ಬರಲಿಲ್ಲ. ಇನ್ನೊಂದು ವಾರವೂ ಬರಲಿಲ್ಲ.

ಮೂರನೆಯ ವಾರ ಮ್ಯಾನೇಜರ್ ಐದೂ ಜನ ಕೆತ್ತುವವರನ್ನು ಬಾಯ್ಲರ್ ಕೋಣೆಯ ಪಕ್ಕ ಸಾಲಾಗಿ ನಿಲ್ಲಿಸಿದ. ಅವನ ಕೈಯಲ್ಲಿ ಮೊಹರು ಒತ್ತಿದ ಕಾಗದ ಇತ್ತು. ಓದಿದ. ವಸತಿ ಇಲಾಖೆಯ ದುವಾನ್ ಸಾಹೇಬರ ಎಡಗಾಲಿನ ಎರಡು ಬೆರಳು ಕೊಳೆತು ಕತ್ತರಿಸಬೇಕಾಯಿತು. ಈ ಸ್ನಾನದ ಮನೆಯ ಕೆತ್ತುವವನೊಬ್ಬನ ಕೊಳಕು ಕತ್ತಿಯೇ ಅದಕ್ಕೆ ಕಾರಣ. ಅಂಥವನನ್ನು ಕೂಡಲೇ ತೆಗೆದುಹಾಕಿ ತಿಳಿಸತಕ್ಕದ್ದು. ಹೆಸರು ಇರಲಿಲ್ಲ. ಹೆಸರು ಸಾಹೇಬರಿಗೆ ಗೊತ್ತಿರಲಿಲ್ಲ.

“ಯಾರು ಕೆತ್ತಿದ್ದು?”

ಶುಂಠಿ ಯಾರ ಗಿರಾಕಿ ಎಂದು ಐದೂ ಜನಕ್ಕೆ ಗೊತ್ತಿತ್ತು. ಶೌಗೆನ್ ಬಾಯಿ ತೆರೆದ. ನಾನು ಎಂದರೆ ಹೆಸರು ಕಾಗದಕ್ಕೆ ಹೋಗುತ್ತದೆ. ಕಾಗದ ದುವಾನ್ ಸಾಹೇಬರ ಮೇಜಿಗೆ ಹೋಗುತ್ತದೆ. ತೆರೆದ ಬಾಯಿ ಮುಚ್ಚಿದ. ಉಳಿದ ಮೂವರು ಹೇಗೂ ಹೋಗುವವರು ತಾವಲ್ಲವೆಂದು ಗೋಡೆ ನೋಡುತ್ತಿದ್ದರು. ಮ್ಯಾನೇಜರನ ಕಣ್ಣು ಪೆಯ್ ಮೇಸ್ತ್ರಿಯ ಕೈ ಮೇಲೆ ನಿಂತಿತು. ಕೈ ನಡುಗುತ್ತಿತ್ತು.

“ನೀನೇ ತಾನೇ ಮುದುಕ? ಈ ಕೈಯಲ್ಲಿ ಇನ್ನ್ಯಾರು ಕುಯ್ತಾರೆ?”

ಮೇಸ್ತ್ರಿ ಹೌದು ಎನ್ನಲಿಲ್ಲ. ಅಲ್ಲ ಎನ್ನಲೂ ಇಲ್ಲ. ಶೌಗೆನ್‌ನನ್ನು ಒಂದು ಸಲ ನೋಡಿದರು. ಕಾದರು. ಆ ಕಾಯುವಿಕೆ ಎಷ್ಟು ಹೊತ್ತಿತ್ತೋ, ಅಷ್ಟೂ ಹೊತ್ತು ಶೌಗೆನ್ ನೆಲ ನೋಡುತ್ತಿದ್ದ. ಆಮೇಲೆ ಮೇಸ್ತ್ರಿ ತಮ್ಮ ಕತ್ತಿಯ ಸುರುಳಿಯನ್ನು ಮ್ಯಾನೇಜರನ ಕೈಗಿಟ್ಟರು. ಅದು ಆಫೀಸಿನ ಡ್ರಾಯರಿನೊಳಗೆ ಬಿದ್ದ ಸದ್ದು ಕೇಳಿಸಿತು.

ಈ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಕಲಿಯುವವನು ಒಂದು ವರ್ಷ ಬಿದಿರಿನ ಕಡ್ಡಿಯನ್ನು ಕೂದಲೆಳೆಯಷ್ಟು ಸಣ್ಣಗೆ ಕೆತ್ತಬೇಕು. ಆಮೇಲೆ ಅವನು ಮುಟ್ಟುವ ಮೊದಲನೆಯ ಕಾಲು ಗುರುವಿನದೇ ಆಗಿರಬೇಕು. ಕೈ ತಪ್ಪಿದರೆ ಅದು ಗುರುವಿನ ಮಾಂಸಕ್ಕೆ ಹೋಗಲಿ, ಗಿರಾಕಿಯ ಮಾಂಸಕ್ಕಲ್ಲ. ಇಪ್ಪತ್ತಾರು ವರ್ಷದ ಹಿಂದೆ ಶೌಗೆನ್‌ನ ಕೈ ತಪ್ಪಿತ್ತು. ರಕ್ತ ಬಟ್ಟಲಿಗೆ ತೊಟ್ಟಿಕ್ಕುವಾಗ ಮೇಸ್ತ್ರಿ, ಕತ್ತಿ ಹಿಡಿಯೋದು ಬಿಡಬೇಡ, ಹಿಡಿದೇ ಇರು ಎಂದಿದ್ದರು. ಈಗ ಅವರು ಬಗ್ಗಿ ಬೂಟು ಹಾಕಿಕೊಳ್ಳುವಾಗ ಹಿಮ್ಮಡಿಯ ಮೇಲೆ ಆ ಬಿಳಿ ಗೆರೆ ಕಾಣಿಸಿತು. ಎಲ್ಲರ ಎದುರಿಗೆ ಅವರು ಹಿಂಬಾಗಿಲಿನಿಂದ ಹೊರಟು ಹೋದರು. ಮಂಚದ ಕೈಗೆ ಯಾರೋ ಎರಡು ಸಲ ಬಡಿದರು. ಶೌಗೆನ್ ಸ್ಟೂಲು ಎತ್ತಿಕೊಂಡು ಹೋಗಿ ಕೂತ.

ಅವತ್ತು ಮನೆಯಲ್ಲಿ ಎಲ್ಲವನ್ನೂ ಹೇಳಿದ. ಶುಂಠಿ ಯಾರು, ಪಟ್ಟಿ ಏನು, ತಾನು ಏನಂದೆ, ಮೇಸ್ತ್ರಿ ಹೇಗೆ ಹೋದರು. ಗುಯ್‌ಝೆನ್‌ಳ ಕೈಯಲ್ಲಿದ್ದ ಬ್ರಷ್ ಡಬ್ಬಿಗೆ ಬೀಳಲಿಲ್ಲ.

“ನೀನು ನಿಂತು ನೋಡ್ದೆ,” ಎಂದಳು. ಪ್ರಶ್ನೆಯಲ್ಲ.

“ನನಗೋಸ್ಕರ ಮಾಡ್ದೆ ಅಂತ ಹೇಳ್ಬೇಡ ಅಪ್ಪ,” ಎಂದಳು ಸುಯುನ್. “ಅದನ್ನ ಹೊರೋಕೆ ನನ್ನ ಕೈಲಾಗಲ್ಲ.”

“ಹೇಳಲ್ಲ,” ಎಂದ. “ನನಗೋಸ್ಕರಾನೇ ಮಾಡಿದ್ದು. ಅವ್ರು ನನ್ನ ಬೀಗ್ರೇ ಅಂದ್ರು. ಮೀನು ಎತ್ತಿ ಹಾಕಿದ್ರು. ಅದ್ರ ರುಚಿ ಹತ್ತಿತ್ತು.”

ಹೀಗೆ ಹೇಳಿದ ಮೇಲೆ ಅವನಿಗೆ ಮಗಳ ಮುಖ ನೋಡಲಾಗಲಿಲ್ಲ. ನಾಳೆ ದುವಾನ್ ಮನೆಗೆ ಹೋಗಿ ನಿಜ ಹೇಳಿ, ಮೇಸ್ತ್ರಿಯ ಮೇಲಿನ ದೂರು ತೆಗೆಸುತ್ತೇನೆ ಎಂದ. ಮದುವೆ ಏನಾಗುತ್ತದೆ ಎಂದು ಮೂವರಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಸುಯುನ್ ಹಗ್ಗದ ಮೇಲಿದ್ದ ಅವನ ಒಳ್ಳೆಯ ಅಂಗಿಯನ್ನು ತೆಗೆದು ಇಸ್ತ್ರಿ ಮಾಡಿದಳು. ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಎರಡೆರಡು ಸಲ ಓಡಿತು. ಬೆಳಿಗ್ಗೆ ಅವನ ಜೊತೆ ಅವಳೂ ಹೊರಟಳು.

ದುವಾನ್ ಸೋಫಾದಲ್ಲಿದ್ದ. ಎಡಗಾಲು ಸ್ಟೂಲಿನ ಮೇಲೆ, ಬಿಳಿ ಬಟ್ಟೆಯ ಉಂಡೆ. ಮುಖ ಇಳಿದಿತ್ತು. ಆದರೂ ನಕ್ಕ. ಬನ್ನಿ ಬೀಗ್ರೇ, ನೋಡಿ ನಿಮ್ಮ ಬೀಗನ ಅವಸ್ಥೆ ಎಂದ. ಸ್ನಾನದ ಮನೆಯ ಆ ಮುದುಕನನ್ನು ಓಡಿಸಿದ್ದಾಯಿತು, ಇನ್ನೊಬ್ಬರ ಕಾಲಾದರೂ ಉಳಿಯಿತು ಎಂದ. ಯಿಮಿನ್ ಕಿಟಕಿಯ ಹತ್ತಿರ ನಿಂತಿದ್ದ. ಸುಯುನ್ ಬಾಗಿಲಲ್ಲೇ ಬೂಟು ಬಿಚ್ಚದೆ ನಿಂತಳು.

ಹೇಗೆ ಶುರು ಮಾಡುವುದೆಂದು ಶೌಗೆನ್ ದಾರಿಯುದ್ದಕ್ಕೂ ಯೋಚಿಸಿದ್ದ. ಒಂದೂ ನೆನಪಾಗಲಿಲ್ಲ. ಕಣ್ಣು ಕಾಲಿನ ಮೇಲಿತ್ತು. ಹಿಮ್ಮಡಿ ಸ್ಟೂಲಿನ ಅಂಚಿಗೆ ಒತ್ತಿಕೊಂಡಿತ್ತು. ಸ್ಪರ್ಶವಿಲ್ಲದ ಕಾಲಿಗೆ ಅಷ್ಟು ಸಾಕು, ನಾಳೆ ಅಲ್ಲೊಂದು ಹುಣ್ಣು. ಅವನು ಹೋಗಿ ಕುಕ್ಕರಗಾಲಲ್ಲಿ ಕೂತ. ಎಡಗೈಯನ್ನು ಹಿಮ್ಮಡಿಯ ಕೆಳಗೆ ಕೊಟ್ಟು, ಬಲಗೈ ಹೆಬ್ಬೆರಳನ್ನು ಮೀನಖಂಡದ ಕೆಳಗೆ ಆನಿಸಿ ಎತ್ತಿದ. ಸೋಫಾದ ದಿಂಬೊಂದನ್ನು ಅದರಡಿಗೆ ಸರಿಸಿದ. ಮೆಲ್ಲಗೆ ಇಳಿಸಿದ.

ದುವಾನ್ ಕಣ್ಣು ಮುಚ್ಚಿಕೊಂಡಿದ್ದ. ಒಂಬತ್ತು ವರ್ಷ ಟವೆಲ್ಲಿನ ಕೆಳಗೆ ಮುಚ್ಚಿದ್ದ ಹಾಗೆಯೇ. ಪಾದ ಸತ್ತಿತ್ತು, ಮೀನಖಂಡ ಸತ್ತಿರಲಿಲ್ಲ. ಆ ಹೆಬ್ಬೆರಳು ಅದಕ್ಕೆ ಗೊತ್ತಿತ್ತು. ಕಣ್ಣು ತೆರೆದಾಗ ಮುಖದಲ್ಲಿ ನಗು ಇರಲಿಲ್ಲ.

“ನೀನು,” ಎಂದ.

“ನಾನೇ,” ಎಂದ ಶೌಗೆನ್. ಕೂತಲ್ಲಿಂದಲೇ ಹೇಳಿದ. ಪೆಯ್ ಮೇಸ್ತ್ರಿ ನಿಮ್ಮ ಕಾಲನ್ನು ಯಾವತ್ತೂ ಮುಟ್ಟಿದವರಲ್ಲ. ಮುಟ್ಟಿದ್ದು ನಾನು. ಆಣಿಯನ್ನು ಕೆತ್ತದೆ ಬಿಟ್ಟಿದ್ದೆ, ಸಕ್ಕರೆ ನೋಡಿಸಿ ಎಂದಿದ್ದೆ, ಪಟ್ಟಿ ಹಾಕಬೇಡಿ ಎಂದಿದ್ದೆ. ಬೆರಳು ತಿಂದದ್ದು ಕತ್ತಿಯಲ್ಲ, ಪಟ್ಟಿ. ಅದನ್ನು ಈ ಕೋಣೆಯಲ್ಲಿ ಕೂತು ನೋಡಿದೆ. ನೀವು ಕೇಳಿದಾಗ ಒಳ್ಳೆಯದು ಎಂದೆ. ಆ ತಪ್ಪು ನನ್ನದು. ಅದನ್ನು ಬರೆದುಕೊಡಿ ಎಂದರೆ ಬರೆದುಕೊಡುತ್ತೇನೆ. ಮೇಸ್ತ್ರಿಯ ಕತ್ತಿ ಅವರಿಗೆ ವಾಪಸ್ ಸಿಗಬೇಕು.

ದುವಾನ್‌ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದರು. ಮೊದಲು ಅವರು ಮಾಡಿದ್ದು ಶೌಗೆನ್ ಮುಟ್ಟಿದ್ದ ದಿಂಬನ್ನು ಎಳೆದುಕೊಂಡದ್ದು. ಆಮೇಲೆ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ದೂರ ಹಿಡಿದುಕೊಂಡು ನಿಂತರು. ಹೋದ ಸಲ ತಾವು ಇವನಿಗೆ ಊಟ ಬಡಿಸಿದ ಬಟ್ಟಲು ಯಾವುದೆಂದು ನೆನಪಿಸಿಕೊಳ್ಳುವವರ ಹಾಗೆ ಕಪಾಟಿನ ಕಡೆ ನೋಡಿದರು. ಶೌಗೆನ್ ಅದನ್ನು ಕಂಡ. ಸುಯುನ್ ಕೂಡ ಕಂಡಳು.

ದುವಾನ್ ದೊಡ್ಡ ಆಫೀಸರು ಕಡತ ಮುಗಿಸುವ ಹಾಗೆ ಮಾತಾಡಿದ, ಒಂದೊಂದೇ. ದೂರು ತನ್ನ ಹೆಸರಿನಲ್ಲಿ ಹೋಗಿದೆ, ವಾಪಸ್ ಬಂದರೆ ತನ್ನ ಹೆಸರು ಹೋಗುತ್ತದೆ. ಆ ಮುದುಕನಿಗೆ ಹೇಗೂ ವಯಸ್ಸಾಗಿತ್ತು, ಇವತ್ತಲ್ಲ ನಾಳೆ ಬಿಡುವವನೇ. ಮಕ್ಕಳು ಒಬ್ಬರನ್ನೊಬ್ಬರು ಇಷ್ಟಪಟ್ಟಿದ್ದಾರೆ, ಅದನ್ನು ಕೆಡಿಸುವಷ್ಟು ಸಣ್ಣ ಮನುಷ್ಯ ತಾನಲ್ಲ. ಆದರೆ ಮದುವೆಯ ದಿನ ಇಲಾಖೆಯವರೆಲ್ಲ ಬರುತ್ತಾರೆ.

ಹೆಂಡತಿಗೆ ಸನ್ನೆ ಮಾಡಿದ. ಆಕೆ ಒಳಗಿಂದ ಪ್ಲಾಸ್ಟಿಕ್ ಚೀಲ ತಂದರು. ಅದರಲ್ಲಿ ನೀಲಿ ಕೋಟು, ಹಿತ್ತಾಳೆ ಗುಂಡಿ, ಮಡಿಕೆ ಬಿಚ್ಚದ ಹೊಸದು. ವಸತಿ ಇಲಾಖೆಯ ಗೇಟಿನವರಿಗೆ ಹಂಚಿ ಉಳಿದದ್ದು. ಮೇಜಿನ ಮೇಲಿದ್ದ ಚಹಾದ ಬಟ್ಟಲುಗಳ ಪಕ್ಕ ಅದನ್ನಿಟ್ಟರು. ಶೌಗೆನ್‌ಗೆ ಚಹಾ ಸುರಿದಿರಲಿಲ್ಲ.

“ಸೋಮವಾರದಿಂದ ನಮ್ಮ ಗೇಟಿಗೆ ಬನ್ನಿ ಬೀಗ್ರೇ,” ಎಂದ ದುವಾನ್. ನೀನು ಎಂದ ಬಾಯಿ ಮತ್ತೆ ಬೀಗ್ರೇ ಎನ್ನತೊಡಗಿತ್ತು. “ಕೂತು ಮಾಡೋ ಕೆಲಸ. ಕುರ್ಚಿ ಇದೆ. ಬರೋವ್ರು ಹೋಗೋವ್ರು ನಿಮಗೇ ತಲೆ ಬಗ್ಗಿಸ್ತಾರೆ. ಆ ಕತ್ತಿಗಳನ್ನ ಕಾಲುವೆಗೆ ಎಸೆದುಬಿಡಿ. ಇಷ್ಟು ದಿನ ಸುಮ್ಮನಿದ್ರಿ, ಇನ್ನೂ ಹಾಗೇ ಇರಿ. ಅಷ್ಟೇ ನಾನು ಕೇಳೋದು.”

ಯಿಮಿನ್ ಕಿಟಕಿಯಿಂದ ತಿರುಗಲಿಲ್ಲ.

“ನೀನಾದ್ರೂ ಹೇಳಮ್ಮ ನಿಮ್ಮಪ್ಪಂಗೆ,” ಎಂದರು ದುವಾನ್‌ನ ಹೆಂಡತಿ, ಬಾಗಿಲಿನ ಕಡೆ. “ಎಷ್ಟು ಜನ ಕೊಡ್ತಾರೆ ಇಂಥದ್ದು?”

ಸುಯುನ್‌ಳ ಕಣ್ಣು ಯಿಮಿನ್‌ನ ಬೆನ್ನಿನ ಮೇಲಿತ್ತು. ಅದು ತಿರುಗುತ್ತದೇನೋ ಎಂದು ನೋಡಿದಳು. ಆಮೇಲೆ ಅಲ್ಲಿಂದ ಕಣ್ಣು ಕಿತ್ತಳು.

“ಅಪ್ಪನ ಮಾತು ಅಪ್ಪನೇ ಆಡ್ಲಿ,” ಎಂದಳು.

ಶೌಗೆನ್ ಕುಕ್ಕರಗಾಲಿನಿಂದ ಎದ್ದ. ಮಂಡಿ ಎರಡೂ ಲಟಕ್ಕೆಂದವು. ಕಾಲಿನವನು ಎದ್ದು ನಿಂತರೆ ಇಷ್ಟು ಎತ್ತರ ಎಂದು ದುವಾನ್‌ಗೆ ಗೊತ್ತಿರಲಿಲ್ಲ. ನಾಚಿಕೆ ಎಲ್ಲಿಗೂ ಹೋಗಿರಲಿಲ್ಲ. ಅದನ್ನು ಇಟ್ಟುಕೊಂಡೇ ಮಾತಾಡಬೇಕಿತ್ತು.

“ಕೋಟು ಬೇಡ,” ಎಂದ. “ಸುಮ್ಮನಿರೋದೂ ಇಲ್ಲ. ಇವತ್ತೇ ಮ್ಯಾನೇಜರ್ ಹತ್ರ ಹೋಗಿ ಆ ಕಾಗದದಲ್ಲಿ ನನ್ನ ಹೆಸರು ಬರೆಸ್ತೀನಿ.”